ಎರಡು ಪ್ರಮಾಣಗಳ ವ್ಯತ್ಯಾಸ: 0.0047ರಿಂದ 0.0107 ಅಂದರೆ ಏನರ್ಥ?

ಪ್ರಶ್ನೆ:
1988ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯರ ಆಸ್ಪಿರಿನ್ ಪ್ರಯೋಗದ ಲೆಕ್ಕ ಮಾಡುತ್ತಿದ್ದೇನೆ. ಹೃದಯಾಘಾತ ಆದವರು ಆಸ್ಪಿರಿನ್ ಗುಂಪಿನ 11,037 ಜನರಲ್ಲಿ 104, ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ) ಗುಂಪಿನ 11,034 ಜನರಲ್ಲಿ 189. ವ್ಯತ್ಯಾಸ 0.0077, ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸಕ್ಕೆ ಅಂದಾಜಿಸಿದ ವ್ಯಾಪ್ತಿ) 0.0047ರಿಂದ 0.0107. "ಹೃದಯಾಘಾತ ಶೇ 0.47ರಿಂದ 1.07ರಷ್ಟು ಇಳಿಯುತ್ತದೆ, ಇದು ನಿಜವಾಗಿರುವ ಸಂಭವ ಶೇ 95" ಎಂದು ಬರೆದರೆ ಸರಿಯೇ?

ಉತ್ತರ 1:
ಲೆಕ್ಕ ಸರಿ ಇದೆ, ವಾಕ್ಯ ಎರಡು ಕಡೆ ಎಡವಿದೆ. "ಶೇ 0.47ರಷ್ಟು ಇಳಿಕೆ" ಅಂದರೆ ಇದ್ದದ್ದರಲ್ಲಿ ಅಷ್ಟು ಪಾಲು ಹೋಯಿತು ಎಂದೇ ಜನ ಓದುತ್ತಾರೆ. ಆ ಅರ್ಥದಲ್ಲಿ ಇಳಿಕೆ ಶೇ 45, 0.0171 ಇದ್ದದ್ದು 0.0094 ಆಗಿದೆ. ನಿಮ್ಮದು ಒಂದರಿಂದ ಇನ್ನೊಂದನ್ನು ಕಳೆದ ಅಂಕಿ. ಅದನ್ನು ತಲೆಯೆಣಿಕೆಯಲ್ಲೇ ಹೇಳಿ: ಸುಮಾರು 5 ವರ್ಷದಲ್ಲಿ ಪ್ರತಿ 1,000 ಜನರಿಗೆ 5ರಿಂದ 11 ಹೃದಯಾಘಾತ ಕಡಿಮೆ. ಅವಧಿ ಬಿಟ್ಟರೆ ಅಂಕಿಗೆ ಅರ್ಥವೇ ಇಲ್ಲ.

ಶೇ 95 ಎಂಬುದು ವಿಧಾನದ ಗುಣ. ಇಂಥ ಪ್ರಯೋಗ ಮತ್ತೆ ಮತ್ತೆ ಮಾಡಿ ಪ್ರತಿ ಸಲ ಇಂಟರ್ವಲ್ ಕಟ್ಟಿದರೆ ನೂರರಲ್ಲಿ ಸುಮಾರು 95 ನಿಜವಾದ ವ್ಯತ್ಯಾಸವನ್ನು ಒಳಗೊಳ್ಳುತ್ತವೆ. ನಿಮ್ಮ ಕೈಲಿರುವುದು ಆ 95ರಲ್ಲಿ ಒಂದೋ ಉಳಿದ 5ರಲ್ಲಿ ಒಂದೋ, ಹೇಳಲಾಗದು.

ಪ್ರಶ್ನಿಸಿದವರು:
ತಿಳಿಯಿತು, ಧನ್ಯವಾದ. ಎರಡೂ ಗುಂಪಿನ ಇಂಟರ್ವಲ್ ಬೇರೆಬೇರೆ ಬರೆದು, ಒಂದರ ಮೇಲೊಂದು ಬಂದರೆ "ವ್ಯತ್ಯಾಸ ಇಲ್ಲ" ಅನ್ನಬಹುದಾ?

ಉತ್ತರ 2:
ಬೇಡ, ಮೋಸ ಹೋಗುತ್ತೀರಿ. 100ರಲ್ಲಿ 50, 100ರಲ್ಲಿ 36 ತಗೊಳ್ಳಿ. ಬಿಡಿಬಿಡಿಯಾಗಿ 0.40–0.60, 0.27–0.45, ಒಂದರೊಳಗೊಂದು ಹೊಕ್ಕಿವೆ. ಆದರೆ ವ್ಯತ್ಯಾಸದ ಇಂಟರ್ವಲ್ 0.004ರಿಂದ 0.276, ಸೊನ್ನೆ ಹೊರಗೇ ಉಳಿಯಿತು, ಅಂದರೆ ವ್ಯತ್ಯಾಸ ಇದೆ ಎನ್ನಲು ಆಧಾರ ಸಿಕ್ಕಿತು. ಕಾರಣ, ಸ್ಟ್ಯಾಂಡರ್ಡ್ ಎರರ್‌ಗಳನ್ನು (ಸ್ಯಾಂಪಲ್ ಬದಲಾದರೆ ಅಂದಾಜು ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ) ನೇರ ಕೂಡಿಸುವುದಿಲ್ಲ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯುತ್ತೇವೆ, ಅದು ನೇರ ಮೊತ್ತಕ್ಕಿಂತ ಚಿಕ್ಕದು. ಹಾಗೇ, ಇಂಟರ್ವಲ್‌ಗೆ ಎರಡು ಗುಂಪನ್ನು ಬೆರೆಸಿದ ಪ್ರಮಾಣ ಹಾಕಬೇಡಿ. ಬೆರೆಸುವುದು "ವ್ಯತ್ಯಾಸ ಸೊನ್ನೆ" ಎಂಬ ಊಹೆಯನ್ನು ಪರೀಕ್ಷಿಸುವಾಗ ಮಾತ್ರ.

ಉತ್ತರ 3:
ಚಿಕ್ಕ ಸ್ಯಾಂಪಲ್ ಇದ್ದವರು ಇದನ್ನು ಗಮನಿಸಿ. 20ರಲ್ಲಿ 4, 20ರಲ್ಲಿ 0 ಇದ್ದರೆ ಮಾಮೂಲಿ ಸೂತ್ರ (ವ್ಯತ್ಯಾಸ ± 1.96 × ಅದರ ಸ್ಟ್ಯಾಂಡರ್ಡ್ ಎರರ್) 0.025ರಿಂದ 0.375 ಕೊಡುತ್ತದೆ. ಸೊನ್ನೆ ಬಂದ ಗುಂಪಿನ ಸ್ಟ್ಯಾಂಡರ್ಡ್ ಎರರ್ ಕೂಡ ಸೊನ್ನೆ ಆಗಿಬಿಡುವುದರಿಂದ ಇದು ಸುಳ್ಳು ಧೈರ್ಯ. ಸಂಖ್ಯಾಶಾಸ್ತ್ರಜ್ಞರಾದ ಅಗ್ರೆಸ್ಟಿ ಮತ್ತು ಕ್ಯಾಫೊ 2000ದಲ್ಲಿ ಹೇಳಿದ ಉಪಾಯ ಸುಲಭ: ಪ್ರತಿ ಗುಂಪಿಗೂ ಒಂದು "ಹೌದು", ಒಂದು "ಇಲ್ಲ" ಸೇರಿಸಿ 5/22, 1/22 ಮಾಡಿ, ಅದೇ ಸೂತ್ರ ಹಾಕಿ. ಈಗ ಬರುವುದು −0.014ರಿಂದ 0.377. ಸೊನ್ನೆ ಒಳಗೆ ಬಂತು!