ಮುಂದಿನ ತಿಂಗಳು ಕೂಸನ್ನ ಕರ್ಕೊಂಡು ಕಲಬುರಗಿಗೆ ಹೋಗಬೇಕು, ಮನೆಯಲ್ಲಿ ನಾಯಿ ಇದೆ. ಏನು ಮಾಡಲಿ?

ಯಾದಗಿರಿ_ತವರು

ಎಲ್ಲರಿಗೂ ನಮಸ್ಕಾರ ರೀ. ಬಾಣಂತನಕ್ಕೆ ಅಂತ ಯಾದಗಿರಿಗೆ ಬಂದವಳು ಇನ್ನೂ ತವರಲ್ಲೇ ಇದ್ದೇನೆ. ಕೂಸಿಗೆ ಈಗ ಐದು ತಿಂಗಳು. ಮುಂದಿನ ತಿಂಗಳು ಗಂಡನ ಮನೆಗೆ, ಕಲಬುರಗಿಗೆ ಹೋಗಬೇಕು. ಅಲ್ಲಿ ರಾಜಾ ಇದ್ದಾನೆ. ನಾಡನಾಯಿ, ನಾಲ್ಕು ವರ್ಷ. ಮರಿ ಇದ್ದಾಗ ಮಳೆಯಲ್ಲಿ ನೆನೆದು ನಡುಗುತ್ತಿದ್ದವನನ್ನ ನಮ್ಮವರೇ ಜೇವರ್ಗಿ ರಸ್ತೆಯಿಂದ ಎತ್ತಿಕೊಂಡು ಬಂದರು. ಇವತ್ತಿನವರೆಗೆ ಯಾರಿಗೂ ಕಚ್ಚಿಲ್ಲ, ಹಾಲಿನವನಿಗೆ ಬೊಗಳುತ್ತಾನೆ ಅಷ್ಟೇ. ಆದರೆ ಹತ್ತಿರದಿಂದ ಸಣ್ಣ ಕೂಸು ನೋಡಿದವನಲ್ಲ.

ಅತ್ತೆ ಹೇಳುತ್ತಾರೆ, ಕೂಸು ಬಂದ ದಿನದಿಂದ ಅದನ್ನ ಹೊರಗೆ ಸರಪಳಿಗೆ ಹಾಕಬೇಕು ಅಂತ. ನಮ್ಮವರು ಹೇಳುತ್ತಾರೆ, ರಾಜಾ ಮನುಷ್ಯರಿಗಿಂತ ಒಳ್ಳೆಯವನು, ಏನೂ ಆಗಲ್ಲ ಅಂತ. ಇಬ್ಬರ ನಡುವೆ ನಾನು. ಮನೆ ದೊಡ್ಡದಲ್ಲ. ಒಂದು ಪಡಸಾಲೆ, ಒಂದು ಕೋಣೆ, ಅಡುಗೆಮನೆ. ಕೂಲರ್ ಒಂದೇ, ಅದು ಪಡಸಾಲೆಯಲ್ಲಿ. ಬೇಸಿಗೆ ಬಂದರೆ ಎಲ್ಲರೂ ಅಲ್ಲೇ ಮಲಗೋದು, ರಾಜಾನೂ. ನಾಯಿ ಇದ್ದ ಮನೆಯಲ್ಲಿ ಕೂಸು ಬೆಳೆಸಿದವರು ಯಾರಾದರೂ ಇದ್ದರೆ ಸುಮ್ನೆ ಧೈರ್ಯ ಹೇಳಬೇಡಿ, ಏನು ಮಾಡಿದಿರಿ ಅದನ್ನ ಹೇಳಿ.

ಕೌದಿ_ಅಕ್ಕ

ತಂಗಿ, "ಏನೂ ಆಗಲ್ಲ" ಅನ್ನೋದನ್ನ ಓದಿದ ಕೂಡಲೇ ನನ್ನ ಎದೆ ಧಸಕ್ ಅಂತು. ನಮ್ಮ ಮನೆಯಲ್ಲೂ ಇದೇ ಮಾತಿತ್ತು. ನಮ್ಮದು ಮೋತಿ ಅಂತ, ಆರು ವರ್ಷದ ನಾಯಿ. ಮಗಳು ಹುಟ್ಟಿದ ಮೇಲೆ ಏಳು ತಿಂಗಳು ಏನೂ ತೊಂದರೆ ಇರಲಿಲ್ಲ, ತೊಟ್ಟಿಲ ಕೆಳಗೇ ಮಲಗುತ್ತಿತ್ತು, ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಮಗಳು ಅಂಬೆಗಾಲು ಇಡಲು ಶುರು ಮಾಡಿದಳು ನೋಡಿ, ಅಲ್ಲಿಂದ ಕತೆ ಬದಲಾಯಿತು.

ಒಂದು ಮಧ್ಯಾಹ್ನ ಮೋತಿ ಮಂಚದ ಕೆಳಗೆ ಎಲುಬು ಹಿಡಿದುಕೊಂಡು ಕೂತಿತ್ತು. ಮಗಳು ಅಂಬೆಗಾಲಲ್ಲಿ ಹೋಗಿ ಇಣುಕಿದಳು. ನಾಯಿ ಕಡಿಯೋದು ನಿಲ್ಲಿಸಿತು. ಮೈಯೆಲ್ಲ ಕಟ್ಟಿಗೆಯ ಹಾಗೆ ಬಿಗಿ. ಆಮೇಲೆ ಗುರ್ರ್ ಅಂತು. ನಮ್ಮತ್ತೆ ಕಸಬರಿಗೆ ತಗೊಂಡು ನಾಲ್ಕು ಬಿಟ್ಟರು. ಅದಾದ ಮೇಲೂ ಎರಡು ಮೂರು ಸಲ ಗುರ್ ಅಂದಾಗೆಲ್ಲ ಏಟು ಬಿತ್ತು. ಆಮೇಲೆ ಅದು ಗುರ್ ಅನ್ನೋದನ್ನೇ ಬಿಟ್ಟಿತು. ಬುದ್ಧಿ ಬಂತು ಅಂತ ನಮಗೆಲ್ಲ ಖುಷಿ. ಹದಿನೈದು ದಿನ ಕಳೆದಿರಬೇಕು, ಮೋತಿ ಹಾಲುರೊಟ್ಟಿ ತಿನ್ನುತ್ತಿದ್ದ ಗಂಗಾಳಕ್ಕೆ ಮಗಳು ಕೈ ಹಾಕಿದಳು. ಸದ್ದಿಲ್ಲ, ಗದ್ದಲವಿಲ್ಲ, ನೇರ ಬಾಯಿ ಹಾಕಿತು. ಕಣ್ಣಿನ ಕೆಳಗೆ ಎರಡು ಬೆರಳು ಅಂತರದಲ್ಲಿ ಹಲ್ಲು ತಾಗಿ ರಕ್ತ ಬಂತು. ನಾನು ಅಲ್ಲೇ ಇದ್ದೆ, ರೊಟ್ಟಿ ಬಡಿಯುತ್ತಿದ್ದೆ, ನಾಲ್ಕು ಹೆಜ್ಜೆ ದೂರ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, "ಮೊದಲು ಯಾವತ್ತೂ ಗುರ್ ಅಂದಿರಲಿಲ್ವಾ?" ನನಗೆ ಉತ್ತರ ಬರಲಿಲ್ಲ. ಅಂದಿತ್ತು. ನಾವೇ ಹೊಡೆದು ಬಾಯಿ ಮುಚ್ಚಿಸಿದ್ದೆವು.

ಅದಕ್ಕೇ ಹೇಳುತ್ತೇನೆ, ಗುರ್ ಅಂದರೆ ಹೊಡೆಯಬೇಡಿ. ಕೂಸನ್ನ ಎತ್ತಿಕೊಳ್ಳಿ, ಅಷ್ಟೇ. ನಾಯಿ ಗುರ್ ಅನ್ನೋಕೆ ಮುಂಚೆಯೂ ಹೇಳುತ್ತದೆ, ನಮಗೆ ತಿಳಿಯಲ್ಲ. ಏನೂ ತಿಂದಿರಲ್ಲ, ಸುಮ್ನೆ ತುಟಿ ನೆಕ್ಕಿಕೊಳ್ಳುತ್ತದೆ. ನಿದ್ದೆ ಬಂದಿರಲ್ಲ, ಆಕಳಿಸುತ್ತದೆ. ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುತ್ತದೆ. ಬಾಲ ಅಲ್ಲಾಡಿಸುತ್ತಿದೆ ಅಂತ ನಂಬಬೇಡಿ, ಮೈ ಬಿಗಿ ಮಾಡಿಕೊಂಡು ಬಾಲ ಮೇಲೆತ್ತಿ ಅಲ್ಲಾಡಿಸಿದರೆ ಅದು ಖುಷಿಯಲ್ಲ. ನಾವು ತೆಗೆದ ಆ ಫೋಟೋಗಳನ್ನ ಈಗ ನೋಡಿದರೆ ಅರ್ಧಕ್ಕರ್ಧ ಫೋಟೋದಲ್ಲಿ ಮೋತಿ ಮುಖ ತಿರುಗಿಸಿಕೊಂಡಿದೆ.

ಹೊಲದ_ಮನಿ

ಇಷ್ಟೆಲ್ಲ ಯಾಕ್ರಿ. ನಾಯಿ ಹೊಲಕ್ಕೆ ಬಿಡಿ, ತೊಗರಿ ಕಾಯುತ್ತದೆ. ನಮ್ಮ ಕಾಲದಲ್ಲಿ ನಾಯಿ ಮನೆಯೊಳಗೆ ಬಂದಿದ್ದೇ ಇಲ್ಲ, ಮಕ್ಕಳೂ ಬೆಳೆದವು.

ಬೀದರ್_ದನದ_ದವಾಖಾನಿ

ಕಾಕಾ, ಹೊಲ ಇದ್ದವರಿಗೆ ಆ ಮಾತು ಸರಿ. ನಾಲ್ಕು ವರ್ಷ ಮನೆಯಲ್ಲಿ ಬೆಳೆದ ನಾಯಿಯನ್ನ ಗುರುತಿಲ್ಲದ ಹೊಲದಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಹರಿದು ಹಾಕುತ್ತವೆ. ಇಲ್ಲಾ, ಮನೆ ಹುಡುಕಿಕೊಂಡು ಹೊರಟು ರಸ್ತೆಯಲ್ಲಿ ಲಾರಿಗೆ ಸಿಗುತ್ತದೆ.

ಅಕ್ಕಾ, ನಾನು ಡಾಕ್ಟರ್ ಅಲ್ಲ, ದನದ ದವಾಖಾನೆಯಲ್ಲಿ ಕೆಲಸ. ದಿನಾ ನೋಡುವುದನ್ನ ಹೇಳುತ್ತೇನೆ. ಮೊದಲು ರಾಜಾನ ರೇಬೀಸ್ ಇಂಜೆಕ್ಷನ್ ಚೀಟಿ ಹುಡುಕಿ. ಮರಿ ಇದ್ದಾಗ ಒಂದು ಹಾಕಿಸಿ ಮರೆತವರೇ ಜಾಸ್ತಿ. ಮೂರು ತಿಂಗಳ ಮರಿಗೆ ಶುರು ಮಾಡಿ ಆಮೇಲೆ ವರ್ಷ ವರ್ಷ ಹಾಕಿಸಬೇಕು. ತಪ್ಪಿದ್ದರೆ ಈ ವಾರವೇ ಹಾಕಿಸಿ, ಕೂಸು ಬರುವ ದಿನದವರೆಗೆ ಕಾಯಬೇಡಿ. ಜಂತುಹುಳದ ಗುಳಿಗೆ ಮೂರು ತಿಂಗಳಿಗೊಮ್ಮೆ. ಇದನ್ನ ಜನ ಹಗುರ ಮಾಡುತ್ತಾರೆ, ಆದರೆ ನಾಯಿಯ ಹೊಲಸಿನಲ್ಲಿ ಬರುವ ಹುಳದ ಮೊಟ್ಟೆ ಮಣ್ಣಿನಲ್ಲಿ ಕೂತಿರುತ್ತದೆ, ಅಂಗಳದಲ್ಲಿ ಆಡುವ ಕೂಸು ಕೈ ಬಾಯಿಗೆ ಇಡುತ್ತದೆ ಅಲ್ವಾ. ಆ ಮೊಟ್ಟೆ ಕೆಡುಕು ಮಾಡುವಷ್ಟು ಬಲಿಯಲು ಕೆಲವು ದಿನ ಬೇಕು, ಅದಕ್ಕೆ ಹೊಲಸನ್ನ ಅವತ್ತಿಂದವತ್ತೇ ಎತ್ತಿ ಹಾಕಿ. ಉಣ್ಣಿಗೆ ಔಷಧಿ ಹಚ್ಚಿದರೆ ಅದು ಪೂರ್ತಿ ಒಣಗುವವರೆಗೆ ಕೂಸಿನ ಕೈ ತಾಗಬಾರದು.

ಹಲ್ಲು ತಾಗಿತು, ಉಗುರು ಗೀರಿತು ಅಂದರೆ ಹರಿಯುವ ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಕೂಸು ಅಳುವಾಗ ಎರಡು ನಿಮಿಷವೇ ಹದಿನೈದು ಅನಿಸುತ್ತದೆ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದಲ್ಲಿ ಕೊಡುವ ಇಂಜೆಕ್ಷನ್ ಆದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಬೇರೆ ಇಂಜೆಕ್ಷನ್ ಕೂಡ ಕೊಡುತ್ತಾರೆ, ಅದನ್ನ ಕೇಳಿ ಹಾಕಿಸಿಕೊಳ್ಳಿ. ಮನೆ ನಾಯಿ, ಅದಕ್ಕೆ ಇಂಜೆಕ್ಷನ್ ಆಗಿದೆ ಅಂತ ನೀವೇ ತೀರ್ಮಾನ ಮಾಡಿ ಕೂರಬೇಡಿ, ಡಾಕ್ಟರ್ ಹೇಳಲಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೇ ಇಲ್ಲ ಅನ್ನಬಹುದು.

ಮತ್ತೆ ದಿನಪೂರ್ತಿ ಸರಪಳಿ ಬೇಡ. ಕಟ್ಟಿ ಹಾಕಿದ ನಾಯಿಗೆ ಸಿಟ್ಟು ಜಾಸ್ತಿ. ಅದೂ ಕೂಸು ಬಂದ ದಿನವೇ ಕಟ್ಟಿದರೆ ಅದಕ್ಕೆ ಏನು ಅನಿಸುತ್ತದೆ ಹೇಳಿ. ಕಟ್ಟುವುದಾದರೆ ಈಗಿನಿಂದಲೇ ದಿನಕ್ಕೆ ಸ್ವಲ್ಪ ಹೊತ್ತು, ನೆರಳಲ್ಲಿ, ನೀರಿಟ್ಟು.

ಯಾದಗಿರಿ_ತವರು

ಕೌದಿ ಅಕ್ಕಾ, ನಿಮ್ಮದನ್ನ ಓದಿ ಅಮ್ಮನಿಗೂ ಓದಿ ಹೇಳಿದೆ. ನಮ್ಮವರಿಗೂ ಕಳಿಸಿದೆ. ಅರ್ಧ ಗಂಟೆ ಉತ್ತರ ಇಲ್ಲ, ಆಮೇಲೆ "ಚೀಟಿ ಸಿಕ್ಕಿತು, ಎರಡು ವರ್ಷದ ಹಿಂದಿನದು" ಅಂತ ಬಂತು. ನಾಳೆ ದವಾಖಾನೆಗೆ ಕರೆದುಕೊಂಡು ಹೋಗುತ್ತಾರಂತೆ.

ಇನ್ನೊಂದು ಕೇಳಬೇಕಿತ್ತು. ಆ ಕೂಲರ್ ಮುಂದಿನ ಜಾಗ. ರಾಜಾ ಮಲಗುವುದು ಅಲ್ಲೇ, ನಾಲ್ಕು ವರ್ಷದಿಂದ. ಕೂಸಿಗೆ ಸೀರೆ ಜೋಲಿ ಕಟ್ಟಲು ಕೊಂಡಿ ಇರುವುದೂ ಅಲ್ಲೇ.

ಕೌದಿ_ಅಕ್ಕ

ನೀವು ಕೇಳಿದ್ದರಲ್ಲಿ ನನಗೆ ಹೆದರಿಕೆ ಆಗಿದ್ದು ಇದೇ ತಂಗಿ. ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತು, 43 ದಾಟುತ್ತದೆ. ಮನುಷ್ಯರೇ ಒಬ್ಬರ ಮೇಲೊಬ್ಬರು ಎಗರುತ್ತೇವೆ. ತಣ್ಣಗಿನ ಪರ್ಸಿ ಮೇಲೆ ನಾಲ್ಕು ವರ್ಷ ಮಲಗಿದ ಜಾಗ ಅದರದ್ದು. ಕೂಸು ಬಂದ ದಿನ ಎಬ್ಬಿಸಿದರೆ ಲೆಕ್ಕ ಕೂಸಿನ ಮೇಲೆ ಬರೆದುಕೊಳ್ಳುತ್ತದೆ. ಇವತ್ತೇ ಬೇರೆ ಜಾಗ ಮಾಡಿಸಿ. ಅಡುಗೆಮನೆ ಕಡೆ ಒಂದು ಒದ್ದೆ ಗೋಣಿಚೀಲ ಹಾಸಿ, ಊಟ ಅಲ್ಲೇ ಹಾಕಿ, ಅದು ಉಣ್ಣುವಾಗ ಯಾರೂ ಹತ್ತಿರ ಹೋಗಬೇಡಿ. ಮತ್ತೆ ಸೀರೆ ಜೋಲಿ ನೆಲಕ್ಕೆ ಹತ್ತಿರ ಇರುತ್ತದೆ, ತೂಗಿದಾಗ ನಾಯಿಯ ಮೂಗಿನ ಮುಂದೆ ಹೋಗಿ ಬರುತ್ತದೆ, ಒಳಗಿಂದ ಅಳು ಬೇರೆ. ಎಂಥ ನಾಯಿಯಾದರೂ ಬಾಯಿ ಹಾಕಿ ನೋಡೋಣ ಅನಿಸುತ್ತದೆ. ಕೋಣೆಯೊಳಗೆ ಕೊಂಡಿ ಹೊಡೆಸಿ, ಕೋಣೆ ಬಾಗಿಲಿಗೆ ಬಡಗಿ ಹತ್ತಿರ ಸೊಂಟದೆತ್ತರದ ಗೇಟು ಮಾಡಿಸಿ. ಗಾಳಿಯೂ ಬರುತ್ತದೆ, ನಾಯಿಗೆ ಕೂಸು ಕಾಣಿಸುತ್ತಲೂ ಇರುತ್ತದೆ. ನೀವು ಸ್ನಾನಕ್ಕೆ ಹೋದರೂ ಗೇಟು ಹಾಕಿ ಹೋಗಿ. ಅತ್ತೆ ಇದ್ದಾರಲ್ಲ ಅನ್ನಬೇಡಿ, ಅತ್ತೆ ಧಾರಾವಾಹಿ ನೋಡುತ್ತಿರುತ್ತಾರೆ (ನಮ್ಮತ್ತೆ ಇದನ್ನ ಓದಲ್ಲ ಬಿಡಿ).

ಕೂಸು ಹಾಕಿ ಬಿಟ್ಟ ಕುಂಚಗಿ ಒಂದನ್ನ ಒಗೆಯದೆ ನಿಮ್ಮವರ ಕೈಯಲ್ಲಿ ಮೊದಲೇ ಕಳಿಸಿ. ಲೋಬಾನದ ಹೊಗೆ, ಎಣ್ಣೆ, ಹಾಲಿನ ವಾಸನೆ ಎಲ್ಲ ಅದರಲ್ಲಿರುತ್ತದೆ. ಮೂಸಲಿ, ಮೂಸುವಾಗ ಒಂದು ಚೂರು ರೊಟ್ಟಿ ಕೊಡಲಿ.

ಯಾದಗಿರಿ_ತವರು

ಭಾನುವಾರ ನಮ್ಮವರು ಬಂದಿದ್ದರು. ಕುಂಚಗಿಯನ್ನ ಕವರಿನಲ್ಲಿ ಹಾಕಿ ರೈಲಿಗೆ ಕಳಿಸಿದೆ. ಮನೆ ಮುಟ್ಟಿದ ಮೇಲೆ ವಿಡಿಯೋ ಕಾಲ್ ಮಾಡಿದರು. ರಾಜಾ ಐದು ನಿಮಿಷ ಮೂಸಿದ, ಒಂದು ಸಲ ಸೀನಿದ, ಆಮೇಲೆ ಹೋಗಿ ಕೂಲರ್ ಮುಂದೆ ಮಲಗಿದ. ಗೋಣಿಚೀಲದ ಕಡೆ ತಿರುಗಿಯೂ ನೋಡುತ್ತಿಲ್ಲ. ಅತ್ತೆ ಕೂಲರ್ ಅನ್ನೇ ಕೋಣೆಗೆ ಎಳೆಸುತ್ತೇನೆ ಅಂತ ಕೂತಿದ್ದಾರೆ. ಗೇಟಿಗೆ ಬಡಗಿ ಅಳತೆ ಕೇಳುತ್ತಿದ್ದಾನೆ, ಪಟ್ಟಿ ನಡುವೆ ಎಷ್ಟು ಬಿಡಬೇಕು ಅಕ್ಕಾ?

ಕೌದಿ_ಅಕ್ಕ

ಎರಡು ಇಂಚು, ಅದಕ್ಕಿಂತ ಜಾಸ್ತಿ ಬೇಡ, ಕೂಸಿನ ತಲೆ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಅಡ್ಡಡ್ಡ ಹೊಡೆಸಬೇಡಿ, ನಿಲುವಾಗಿ ಹೊಡೆಸಿ, ಅಡ್ಡ ಇದ್ದರೆ ವರ್ಷ ತುಂಬುವುದರೊಳಗೆ ಏಣಿ ಮಾಡಿಕೊಂಡು ಹತ್ತುತ್ತಾಳೆ. ನಿಮ್ಮತ್ತೆ ಹೇಳಿದ ಹಾಗೆ ಕೂಲರ್ ಎಳೆಸಿ, ಒಳ್ಳೆ ಐಡಿಯಾ ಅದು, ನನಗೆ ಹೊಳೆದಿರಲಿಲ್ಲ. ಚಿಲಕ ಮಾತ್ರ ಹೊರಗಿನ ಕಡೆ, ಮೇಲೆ.