ಗುಂಡು ಮತ್ತು ಮರದ ದಿಮ್ಮಿಯ ಲೆಕ್ಕ: ಪಾಠ ಮಾಡಿದವರ ಅನುಭವ

ಕೋರಿಕೆ: ಬ್ಯಾಲಿಸ್ಟಿಕ್ ಪೆಂಡುಲಮ್ (ತೂಗುಬಿಟ್ಟ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಏರುವ ಎತ್ತರದಿಂದ ಗುಂಡಿನ ವೇಗ ಕಂಡುಹಿಡಿಯುವ ಸಾಧನ) ಲೆಕ್ಕದಲ್ಲಿ ಗುಂಡು ದಿಮ್ಮಿಗೆ ನಾಟುವ ಹಂತಕ್ಕೆ ಸಂವೇಗದ (ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧದ) ಸಂರಕ್ಷಣೆಯನ್ನೂ, ದಿಮ್ಮಿ ಮೇಲೇರುವ ಹಂತಕ್ಕೆ ಶಕ್ತಿಯ ಸಂರಕ್ಷಣೆಯನ್ನೂ ಏಕೆ ಬಳಸಬೇಕೆಂಬುದು ನನ್ನ ಪ್ರಥಮ ಪಿಯುಸಿ ವಿದ್ಯಾರ್ಥಿಗಳ ತಲೆಗೆ ಹತ್ತುತ್ತಿಲ್ಲ. ಈ ಪಾಠ ಮಾಡಿ ಪಳಗಿದವರು ದಯವಿಟ್ಟು ತಿಳಿಸಿ.

ಮೇಡಂ, ನಾನು ಮಕ್ಕಳನ್ನು ಮೊದಲೇ ತಡೆಯದೆ, ಅವರ ದಾರಿಯಲ್ಲೇ ಲೆಕ್ಕ ಮುಗಿಸಲು ಬಿಡುತ್ತೇನೆ. 10 ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದು, ತೂಗುಬಿಟ್ಟ ದಿಮ್ಮಿಯೊಳಗೆ ಹೂತುಕೊಂಡಿತು, ಎರಡೂ ಸೇರಿ 4 ಕಿಲೋಗ್ರಾಂ ಎನ್ನೋಣ. ಗುಂಡಿನ ಚಲನಶಕ್ತಿ 800 ಜೂಲ್. ಅದಷ್ಟೂ ದಿಮ್ಮಿಯನ್ನು ಮೇಲೆತ್ತಲು ಸಂದಿತೆಂದು ಲೆಕ್ಕ ಹಾಕಿದರೆ ದಿಮ್ಮಿ ಸುಮಾರು 20 ಮೀಟರ್ ಎತ್ತರಕ್ಕೆ ಏರಬೇಕಾಗುತ್ತದೆ! ಬೋರ್ಡಿನ ಮೇಲೆ ಈ ಉತ್ತರ ಕಂಡಾಗ ಹಿಂದಿನ ಬೆಂಚಿನವರೂ ನಗುತ್ತಾರೆ. ತಪ್ಪು ಎಲ್ಲಿದೆ ಎಂದು ಆಮೇಲೆ ಅವರೇ ಕೇಳುತ್ತಾರೆ. ಸಂವೇಗದಿಂದ ಹೊರಟರೆ ದಿಮ್ಮಿಯ ವೇಗ ಸೆಕೆಂಡಿಗೆ 1 ಮೀಟರ್, ಏರುವ ಎತ್ತರ ಸುಮಾರು 5 ಸೆಂಟಿಮೀಟರ್, ಉಳಿದ ಚಲನಶಕ್ತಿ ಬರೇ 2 ಜೂಲ್. ಮಿಕ್ಕ 798 ಜೂಲ್ ಮರವನ್ನು ಸೀಳುವುದರಲ್ಲಿ, ಗುಂಡನ್ನು ಜಜ್ಜುವುದರಲ್ಲಿ, ಎರಡನ್ನೂ ಬಿಸಿ ಮಾಡುವುದರಲ್ಲಿ ಮುಗಿದಿರುತ್ತದೆ.

ಮೇಲಿನ ಸರ್ ಕೊಟ್ಟ ಅಂಕಿಗಳನ್ನೇ ಮುಂದುವರಿಸುತ್ತೇನೆ, ಏಕೆಂದರೆ ಬುದ್ಧಿವಂತ ವಿದ್ಯಾರ್ಥಿಯೊಬ್ಬಳು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಶಕ್ತಿ ಹೀಗೆ ಸೋರಿದ ಮೇಲೆ ಸಂವೇಗ ಮಾತ್ರ ಏಕೆ ಸೋರಲಿಲ್ಲ ಎನ್ನುತ್ತಾಳೆ. ಗುಂಡು 10 ಸೆಂಟಿಮೀಟರ್ ಆಳಕ್ಕೆ ಇಳಿದು ನಿಲ್ಲಲು ಸುಮಾರು ಅರ್ಧ ಮಿಲಿಸೆಕೆಂಡ್ ಸಾಕು. ಆ ಅವಧಿಯಲ್ಲಿ ಗುಂಡಿನ ಮೇಲೆ ಮರವೂ, ಮರದ ಮೇಲೆ ಗುಂಡೂ ಹಾಕುವ ಸರಾಸರಿ ಬಲ ಒಂದೇ, 8,000 ನ್ಯೂಟನ್. ಬಲವೂ ಕಾಲವೂ ಸಮವಾದ್ದರಿಂದ ಒಂದು ಕಳೆದುಕೊಂಡ ಸಂವೇಗವೆಲ್ಲ ಇನ್ನೊಂದಕ್ಕೆ ಸೇರುತ್ತದೆ. ದೂರ ಮಾತ್ರ ಸಮವಲ್ಲ: ಗುಂಡು 10 ಸೆಂಟಿಮೀಟರ್ ಸಾಗುವಷ್ಟರಲ್ಲಿ ದಿಮ್ಮಿ ಕದಲುವುದು ಕಾಲು ಮಿಲಿಮೀಟರ್. ಅದೇ ಬಲವನ್ನು ಈ ಎರಡು ದೂರಗಳಿಂದ ಗುಣಿಸಲು ಹೇಳಿ, 800 ಮತ್ತು 2 ತಾವಾಗಿಯೇ ಬರುತ್ತವೆ. ದಿಮ್ಮಿ ಇಷ್ಟು ಕಡಿಮೆ ಕದಲಿರುವುದರಿಂದ ಹಗ್ಗ ಇನ್ನೂ ನೆಟ್ಟಗೇ ಇರುತ್ತದೆ, ದಿಮ್ಮಿಯನ್ನು ಪಕ್ಕಕ್ಕೆ ಎಳೆಯುವುದಿಲ್ಲ; ಆದಕಾರಣವೇ ಲೆಕ್ಕವನ್ನು ಎರಡು ಹಂತಗಳಾಗಿ ಒಡೆಯಲು ಸಾಧ್ಯ.

ಈ ಸಾಧನದ ಹಿನ್ನೆಲೆಯನ್ನೂ ಐದು ನಿಮಿಷ ಹೇಳಿದರೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಇದನ್ನು ವಿವರಿಸಿದಾಗ, ಕೋವಿಯ ಗುಂಡಿನ ವೇಗವನ್ನು ನೇರವಾಗಿ ಅಳೆಯಬಲ್ಲ ಗಡಿಯಾರ ಇರಲಿಲ್ಲ. ದಿಮ್ಮಿಯನ್ನು ದೂರದೂರಕ್ಕೆ ಇಟ್ಟು ಹೊಡೆದಾಗ, ಗುಂಡಿನ ವೇಗವನ್ನು ಗಾಳಿ ಎಷ್ಟು ತಿನ್ನುತ್ತದೆಂಬುದೂ ಗೊತ್ತಾಯಿತು. ಸೆಕೆಂಡಿಗೆ 500 ಮೀಟರ್ ವೇಗದ ಸೀಸದ ಗುಂಡಿಗೆ ಗಾಳಿಯ ತಡೆ ಅದರ ತೂಕದ ನೂರು ಪಟ್ಟಿಗೂ ಹೆಚ್ಚಾಗಬಲ್ಲದು. ಗಾಳಿಯ ತಡೆಯನ್ನು ಲೆಕ್ಕಿಸದ ನಮ್ಮ ಪಠ್ಯದ ಪರವಲಯದ ಸೂತ್ರದಂತೆ, 45 ಡಿಗ್ರಿ ಕೋನದಲ್ಲಿ ಹಾರಿಸಿದರೆ ಅದು 25 ಕಿಲೋಮೀಟರ್ ಆಚೆ ಬೀಳಬೇಕು; ನಿಜದಲ್ಲಿ ಒಂದೆರಡು ಕಿಲೋಮೀಟರ್ ಒಳಗೇ ನೆಲ ಕಾಣುತ್ತದೆ.