ಊದುವ ಕೆಲಸ, ಕಲಿಸುವ ಕೆಲಸ: ಎರಡೂ ಒಟ್ಟಿಗೆ ಆಗುತ್ತಾ? ಅನುಭವ ಇರುವವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಟ್ರಾಂಬೋನ್ (ಹಿತ್ತಾಳೆಯ ಊದುವ ವಾದ್ಯ) ನುಡಿಸುತ್ತೇನೆ. ವಯಸ್ಸು 27. ಓದು ಮುಗಿದು ನಾಲ್ಕು ವರ್ಷ ಆಯಿತು. ಕಾಯಂ ಕೆಲಸ ಇಲ್ಲ, ಕರೆದ ಕಡೆ ಹೋಗಿ ಊದುತ್ತೇನೆ. ಒಂದು ವಾರ ಆರ್ಕೆಸ್ಟ್ರಾ, ಇನ್ನೊಂದು ವಾರ ರೆಕಾರ್ಡಿಂಗ್, ಆಮೇಲೆ ಎರಡು ವಾರ ಫೋನೇ ಬರುವುದಿಲ್ಲ. ಈಗ ಒಂದು ಸಂಗೀತ ಶಾಲೆಯವರು ವಾರಕ್ಕೆ 22 ಗಂಟೆ ಪಾಠಕ್ಕೆ ಕರೆದಿದ್ದಾರೆ. ತಿಂಗಳ ಸಂಬಳ. ಆದರೆ ಇನ್ನು ಆರು ತಿಂಗಳಿಗೆ ಒಂದು ದೊಡ್ಡ ಆಡಿಷನ್ (ವಾದಕರನ್ನು ಆರಿಸುವ ಪರೀಕ್ಷೆ) ಇದೆ. ಪಾಠಕ್ಕೆ ಸೇರಿದರೆ ತುಟಿ ದಣಿದು ನನ್ನ ಊದುವಿಕೆ ಕೆಡುತ್ತದೆ ಎನ್ನುವ ಭಯ. ಸೇರದಿದ್ದರೆ ಬಾಡಿಗೆಯ ಭಯ. ಎರಡನ್ನೂ ಮಾಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಟ್ರಂಪೆಟ್, 30 ವರ್ಷದಿಂದ

ತಂಗಿ, ನಾನು 30 ವರ್ಷದಿಂದ ಊದುತ್ತಿದ್ದೇನೆ, ಅದರಲ್ಲಿ 26 ವರ್ಷ ಪಾಠವನ್ನೂ ಮಾಡಿದ್ದೇನೆ. ಮೊದಲ ಎರಡು ವರ್ಷ ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ.

ಶಾಲೆಯವರು ಕೇಳಿದ ಸಮಯಕ್ಕೆಲ್ಲ ಹೂಂ ಅಂದೆ. ಬೆಳಿಗ್ಗೆ 9ಕ್ಕೆ ಮೊದಲ ಪಾಠ. ನನ್ನ ಅಭ್ಯಾಸ ಸಂಜೆಗೆ ಇರಲಿ ಅಂದುಕೊಂಡೆ. ಪಾಠದಲ್ಲಿ ಮಗು ಒಂದು ಸಾಲು ಊದಿದರೆ ನಾನೂ ಜೊತೆಗೆ ಊದುತ್ತಿದ್ದೆ. ಎಂಟು ಮಕ್ಕಳ ಜೊತೆ ಹೀಗೆ ಊದಿದ ಮೇಲೆ ಸಂಜೆ ತುಟಿ ದಪ್ಪಗಾಗಿರುತ್ತಿತ್ತು. ಮೇಲಿನ ಸ್ವರ ಬರುತ್ತಿರಲಿಲ್ಲ. ಬರದಿದ್ದಾಗ ಮೌತ್‌ಪೀಸ್ ಒತ್ತುತ್ತಿದ್ದೆ. ಒತ್ತಿದರೆ ಆ ಕ್ಷಣಕ್ಕೆ ಸ್ವರ ಸಿಗುತ್ತದೆ, ಆದರೆ ತುಟಿಯಲ್ಲಿ ರಕ್ತ ಓಡಾಡುವುದು ಕಡಿಮೆಯಾಗಿ ಅದು ಇನ್ನೂ ಬೇಗ ಸೋಲುತ್ತದೆ. ಸೋತರೆ ಮತ್ತೆ ಒತ್ತಬೇಕು. ಎರಡು ವರ್ಷದಲ್ಲಿ ನನ್ನ ನಾದ ಸಣ್ಣಗಾಯಿತು, ಅಂಚು ಗಟ್ಟಿಯಾಯಿತು. ಆ ಸಮಯದ ಆಡಿಷನ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಗೆ ಬಂದೆ. ಪಾಠ ನನ್ನನ್ನು ಹಾಳು ಮಾಡಿತು ಅಂತ ಬಹಳ ದಿನ ನಂಬಿದ್ದೆ. ಹಾಳು ಮಾಡಿದ್ದು ಪಾಠ ಅಲ್ಲ, ನಾನು ಹಾಕಿಕೊಂಡಿದ್ದ ವೇಳಾಪಟ್ಟಿ.

ಆಮೇಲೆ ಎರಡೇ ಎರಡು ಬದಲಾವಣೆ ಮಾಡಿದೆ. ಬೆಳಗಿನ ತುಟಿ ನನ್ನದು. ಮೊದಲ ಶಿಷ್ಯ ಬರುವ ಮುಂಚೆ ಒಂದೂವರೆ ಗಂಟೆ ನನಗೆ ಬೇಕೇ ಬೇಕು. ಮೊದಲ 20 ನಿಮಿಷ ಮೆತ್ತಗೆ, ಲಾಂಗ್ ಟೋನ್ (ಒಂದೇ ಸ್ವರವನ್ನು ಉದ್ದಕ್ಕೆ ಊದುವುದು), ಸ್ಲರ್ (ಕಡಿಯದೆ ಸ್ವರದಿಂದ ಸ್ವರಕ್ಕೆ ಹೋಗುವುದು). ಆಮೇಲೆ ಆ ವಾರದ ಕಷ್ಟದ ಭಾಗ. ಎಷ್ಟು ಹೊತ್ತು ಊದುತ್ತೇನೋ ಅಷ್ಟೇ ಹೊತ್ತು ವಾದ್ಯ ಕೆಳಗಿಟ್ಟು ಕೂರುತ್ತೇನೆ. ಆ ಬಿಡುವಿನಲ್ಲಿ ಮುಂದಿನ ಸಾಲನ್ನು ಹಾಡಿಕೊಳ್ಳುತ್ತೇನೆ. ಗಡಿಯಾರ ನೋಡಿದರೆ ಒಂದೂವರೆ ಗಂಟೆ, ತುಟಿಯ ಲೆಕ್ಕದಲ್ಲಿ ಮುಕ್ಕಾಲು ಗಂಟೆ.

ಇನ್ನೊಂದು, ಪಾಠದಲ್ಲಿ ವಾದ್ಯ ಸ್ಟ್ಯಾಂಡ್ ಮೇಲೆಯೇ ಇರುತ್ತದೆ. ನಾಲ್ಕು ಬಾರ್ ಊದಿ ತೋರಿಸುತ್ತೇನೆ, ತೋರಿಸಿದ್ದು ಚೆನ್ನಾಗಿಯೇ ಇರಬೇಕು. ಅಲ್ಲಿಂದ ಮುಂದೆ ಹಾಡುತ್ತೇನೆ, ಕೈತಟ್ಟುತ್ತೇನೆ, ಮಾತಾಡುತ್ತೇನೆ. ಇದರಿಂದ ಮಕ್ಕಳಿಗೂ ಒಳ್ಳೆಯದಾಯಿತು. ನಾನು ಜೊತೆಗೆ ಊದುತ್ತಿದ್ದಾಗ ಅವರು ನನ್ನ ನಾದದ ಹಿಂದೆ ಅಡಗಿಕೊಳ್ಳುತ್ತಿದ್ದರು. ಈಗ ತಮ್ಮ ಸದ್ದನ್ನು ತಾವೇ ಕೇಳಿಕೊಳ್ಳುತ್ತಾರೆ.

ಇನ್ನು 22 ಗಂಟೆ ಅಂದರೆ 22 ಅಲ್ಲ. ಪಾಠದ ತಯಾರಿ, ಪರೀಕ್ಷೆ, ವರ್ಷದ ಕಾರ್ಯಕ್ರಮ, ತಂದೆ ತಾಯಿಯರ ಜೊತೆ ಮಾತು ಎಲ್ಲ ಸೇರಿದರೆ ಸುಮಾರು 30 ಆಗುತ್ತದೆ. ಒಪ್ಪಿಕೊಳ್ಳುವ ಮೊದಲೇ ಇದನ್ನು ಲೆಕ್ಕ ಹಾಕಿ.

ಫ್ರೆಂಚ್ ಹಾರ್ನ್, ಆರ್ಕೆಸ್ಟ್ರಾದಲ್ಲಿ ಕಾಯಂ

ನಾನು ಬೇರೆ ಮಾತು ಹೇಳುತ್ತೇನೆ. ನಿಮ್ಮ ಜಾಗದಲ್ಲಿದ್ದಾಗ ನಾನು ಇಂಥ ಕೆಲಸವನ್ನು ಬೇಡ ಅಂದೆ. ಮನೆಯಲ್ಲಿ ಆರೇ ಶಿಷ್ಯರನ್ನು ಇಟ್ಟುಕೊಂಡು ಉಳಿದ ಸಮಯವನ್ನೆಲ್ಲ ಆಡಿಷನ್‌ಗೆ ಕೊಟ್ಟೆ. ಆಡಿಷನ್‌ನಲ್ಲಿ ನಿಮ್ಮ ಕೈಗೆ ಸಿಗುವುದು ಕೆಲವೇ ನಿಮಿಷ. ಪರದೆಯ ಆಚೆ ಕೂತ ತೀರ್ಪುಗಾರರಿಗೆ ನೀವು ಯಾರು, ನಿನ್ನೆ ಎಷ್ಟು ಪಾಠ ಮಾಡಿದಿರಿ ಏನೂ ಗೊತ್ತಿರುವುದಿಲ್ಲ. ಸ್ಟ್ರಾಸ್‌ನ ಟಿಲ್ ಆಯ್ಲೆನ್‌ಷ್ಪೀಗಲ್ ಅನ್ನುವ ಕೃತಿಯ ಹಾರ್ನ್ ಸಾಲನ್ನು ನಾನು ಐದು ತಿಂಗಳು ದಿನಾ ಊದಿದ್ದೇನೆ. ದಣಿದ ತುಟಿಯಲ್ಲಿ ಅದು ಆಗುತ್ತಿರಲಿಲ್ಲ.

ಆದರೆ ಒಂದನ್ನು ಮುಚ್ಚಿಡಬಾರದು. ಆಗ ನನ್ನ ಗಂಡನಿಗೆ ಕೆಲಸ ಇತ್ತು, ಬಾಡಿಗೆ ನಿಲ್ಲಲಿಲ್ಲ. ನನಗೆ ಸ್ಥಾನ ಸಿಕ್ಕಿದ್ದೂ ನಾಲ್ಕನೇ ಪ್ರಯತ್ನದಲ್ಲಿ. ಆ ಆಸರೆ ಇಲ್ಲದಿದ್ದರೆ ಎರಡನೆಯದರ ಹೊತ್ತಿಗೇ ಬಿಡುತ್ತಿದ್ದೆನೋ ಏನೋ. ಹಾಗಾಗಿ ನನ್ನ ದಾರಿಯನ್ನು ಸುಮ್ನೆ ನಕಲು ಮಾಡಬೇಡಿ, ನಿಮ್ಮ ಕೈಯಲ್ಲಿ ಎಷ್ಟು ತಿಂಗಳ ಖರ್ಚಿಗೆ ಇದೆ ನೋಡಿಕೊಳ್ಳಿ.

ಟ್ಯೂಬಾ, ಊದುವುದೂ ಕಲಿಸುವುದೂ ಅರ್ಧರ್ಧ

ಕಲಿಸುವುದನ್ನು ಸೋತವರ ಕೆಲಸ ಅಂತ ನೋಡುವವರು ನಮ್ಮಲ್ಲಿ ಜಾಸ್ತಿ. ನನಗೆ ಇದು ಬಹಳ ನೋವು ಕೊಡುತ್ತದೆ. ಆರ್ನಲ್ಡ್ ಜೇಕಬ್ಸ್ 1944ರಿಂದ 1988ರವರೆಗೆ ಷಿಕಾಗೊ ಸಿಂಫನಿಯಲ್ಲಿ ಟ್ಯೂಬಾ ಊದಿದರು. ಅಷ್ಟೂ ಕಾಲ ಪಾಠ ಮಾಡುತ್ತಲೇ ಇದ್ದರು. ಅವರ ಹತ್ತಿರ ಟ್ಯೂಬಾದವರಷ್ಟೇ ಅಲ್ಲ, ಬೇರೆ ಬೇರೆ ಊದುವ ವಾದ್ಯದವರೂ ಹೋಗುತ್ತಿದ್ದರು. ಜೇಕಬ್ಸ್ ಅವರ ಶ್ವಾಸಕೋಶದ ಶಕ್ತಿ ಕಡಿಮೆ ಇತ್ತು. ಅದಕ್ಕೇ ಉಸಿರು ಹೇಗೆ ಕೆಲಸ ಮಾಡುತ್ತದೆ ಅಂತ ಅಷ್ಟು ಆಳವಾಗಿ ಓದಿಕೊಂಡರು. ಹಾಡು ಮತ್ತು ಗಾಳಿ, ಅವರ ಪಾಠದ ತಿರುಳು ಈ ಎರಡು ಪದ. ಸ್ವರ ತಲೆಯಲ್ಲಿ ಮೊದಲು ಹಾಡಬೇಕು, ಗಾಳಿ ಹರಿಯಬೇಕು, ತುಟಿ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ನನ್ನ ಅನುಭವವೂ ಅದೇ. ಒಬ್ಬ ಹುಡುಗನಿಗೆ ಕೆಳಗಿನ ಸ್ವರಗಳು ಒಡೆಯುತ್ತಿದ್ದವು. ಯಾಕೆ ಅಂತ ವಿವರಿಸಲು ಹೊರಟೆ, ಮಾತೇ ಬರಲಿಲ್ಲ. ನನಗೆ ಬರುತ್ತಿತ್ತು, ಹೇಗೆ ಬರುತ್ತದೆ ಅಂತ ಗೊತ್ತಿರಲಿಲ್ಲ. ಮನೆಗೆ ಬಂದು ಕನ್ನಡಿ ಮುಂದೆ ಕೂತು ನೋಡಿದರೆ, ಕೆಳಗೆ ಇಳಿಯುವಾಗ ನಾನೇ ದವಡೆ ಬಿಗಿ ಮಾಡುತ್ತಿದ್ದೆ! ಅವನಿಗೆ ಹೇಳಿಕೊಡಲು ಹೋಗಿ ನನ್ನದು ಸರಿಯಾಯಿತು. ಅವನು ಬರದಿದ್ದರೆ ಆ ತಪ್ಪನ್ನು ನಿವೃತ್ತಿಯವರೆಗೂ ಹೊತ್ತುಕೊಂಡು ಹೋಗುತ್ತಿದ್ದೆ.

ಹಿಂದೆ ಆರ್ಕೆಸ್ಟ್ರಾದಲ್ಲಿದ್ದವರು, ಈಗ ಪಾಠ ಮಾತ್ರ

ಅಮ್ಮಾ, ತುಟಿಯ ಬಗ್ಗೆ ಒಂದು ಮಾತು. ನನಗೆ 41ನೇ ವಯಸ್ಸಿನಲ್ಲಿ ಡಿಸ್ಟೋನಿಯಾ ಬಂತು. ಇದು ಸ್ನಾಯು ಹರಿದದ್ದಲ್ಲ. ಆ ಒಂದು ಕೆಲಸಕ್ಕೆ ಮೆದುಳು ಕಳಿಸುವ ಸಂದೇಶವೇ ಕಲಸಿಹೋಗುತ್ತದೆ. ಮಾತಾಡುವಾಗ ಏನೂ ಇಲ್ಲ, ಊಟ ಮಾಡುವಾಗ ಏನೂ ಇಲ್ಲ, ಮೌತ್‌ಪೀಸ್ ಇಟ್ಟರೆ ಮಾತ್ರ ತುಟಿಯ ಮೂಲೆ ತಾನಾಗಿ ಎಳೆದುಕೊಳ್ಳುತ್ತದೆ. ಒಂದು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದರೆ ಕರೆಯುವುದನ್ನು ನಿಲ್ಲಿಸುತ್ತಾರೆ ಅಂತ ಹೆದರಿ ಇನ್ನೂ ಜಾಸ್ತಿ ಅಭ್ಯಾಸ ಮಾಡಿದೆ. ಅದು ಇನ್ನೂ ಕೆಟ್ಟಿತು.

ಇದಕ್ಕಿಂತ ಬೇರೆಯದು ತುಟಿಯ ಸುತ್ತಲಿನ ಸ್ನಾಯುವೇ ಹರಿಯುವುದು. ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರಿನಿಂದ ಅದನ್ನು ಸ್ಯಾಚ್ಮೊ ಸಿಂಡ್ರೋಮ್ ಅನ್ನುತ್ತಾರೆ. ಎರಡರಲ್ಲೂ ಬೇಗ ಡಾಕ್ಟರಿಗೆ ತೋರಿಸುವುದು ಮುಖ್ಯ, ಅದೂ ಸಂಗೀತಗಾರರನ್ನು ನೋಡಿ ರೂಢಿ ಇರುವವರಿಗೆ. ಒಂದು ದಿನದ ದಣಿವು ರಾತ್ರಿ ನಿದ್ದೆಗೆ ಹೋಗಬೇಕು. ಮೂರನೇ ದಿನವೂ ಹೋಗದಿದ್ದರೆ ಅಭ್ಯಾಸ ನಿಲ್ಲಿಸಿ.

ನಾನು ಈಗ ಉಳಿದಿರುವುದು ಪಾಠದಿಂದ. ಮೊದಲೇ ಕಲಿಸುವುದು ರೂಢಿಯಾಗಿದ್ದರಿಂದ ಬದುಕು ನಿಲ್ಲಲಿಲ್ಲ. ನನ್ನ ಒಬ್ಬಳು ಶಿಷ್ಯೆ ಈಗ ನಾನು ಕೂರುತ್ತಿದ್ದ ಕುರ್ಚಿಯಲ್ಲೇ ಕೂರುತ್ತಾಳೆ. ಅವಳ ಮೊದಲ ಕಾರ್ಯಕ್ರಮಕ್ಕೆ ಹೋಗಿದ್ದೆ. ಕಣ್ಣು ತುಂಬಿ ಬಂತು.

ಯುಫೋನಿಯಂ, ಬ್ಯಾಂಡ್ ಮಾಸ್ಟರ್

ಕಿವಿಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೆಲಸದ ಜಾಗದ ಸದ್ದಿಗೆ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಷ್ (NIOSH) ಸಂಸ್ಥೆ ಶಿಫಾರಸು ಮಾಡಿರುವ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ಸಣ್ಣ ಕೋಣೆಯಲ್ಲಿ ಎರಡು ಟ್ರಾಂಬೋನ್ ಜೋರಾಗಿ ಊದಿದರೆ 94 ದಾಟುವುದು ಕಷ್ಟವೇನಲ್ಲ. ಪಾಠ ಮುಗಿಸಿ ಸಂಜೆ ರಿಹರ್ಸಲ್‌ಗೆ ಹೋದರೆ ಎರಡರ ಸದ್ದೂ ಒಂದೇ ಕಿವಿಯ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಸಂಗೀತಗಾರರಿಗೆಂದೇ ಕಿವಿಯ ಅಳತೆ ತೆಗೆದು ಮಾಡುವ ಇಯರ್‌ಪ್ಲಗ್ ಇದೆ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ಊದುವಾಗ ಹಾಕಿದರೆ ತಲೆಯೊಳಗೆ ನಮ್ಮದೇ ಗುಂಯ್‌ಗುಡುವ ಸದ್ದು ಕೇಳಿಸುತ್ತದೆ, ಅದು ಅಭ್ಯಾಸವಾಗಲು ಸಮಯ ಬೇಕು. ಆದರೆ ಪಾಠ ಕೇಳುವಾಗ ಹಾಕಲು ಯಾವ ತೊಂದರೆಯೂ ಇಲ್ಲ. ದೊಡ್ಡ ಕೋಣೆ ಕೇಳಿ. ಶಿಷ್ಯನ ವಾದ್ಯದ ಬೆಲ್ (ಸದ್ದು ಹೊರಬರುವ ಅಗಲ ಬಾಯಿ) ಎದುರು ಕೂರಬೇಡಿ, ಪಕ್ಕಕ್ಕೆ ಕೂರಿ.

ಟ್ರಾಂಬೋನ್, 19 ವರ್ಷದಿಂದ

ನಿಮ್ಮದೇ ವಾದ್ಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪಾಠ ಮತ್ತು ಆಡಿಷನ್ ತಯಾರಿ ಬೇರೆ ಬೇರೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲರೂ ಊದುವ ಬೊರ್ದೋನ್ಯಿ ಅಭ್ಯಾಸಗಳು ಮೂಲದಲ್ಲಿ ಬೊರ್ದೋನ್ಯಿ ಅನ್ನುವ ಗಾಯನ ಗುರು ಹಾಡುಗಾರರಿಗೆ ಬರೆದವು. ಅವನ್ನು ಟ್ರಾಂಬೋನ್‌ಗೆ ಅಳವಡಿಸಿ 1928ರಲ್ಲಿ ಹೊರತಂದ ರೋಶು ಬಾಸ್ಟನ್ ಸಿಂಫನಿಯಲ್ಲಿ ಮುಖ್ಯ ಟ್ರಾಂಬೋನ್ ವಾದಕರಾಗಿದ್ದರು. ನಾನು ಇವನ್ನು ಶಿಷ್ಯರಿಗೆ ಹೇಳಿಕೊಡುವ ದಿನವೇ ಬೆಳಿಗ್ಗೆ ನಾನೂ ಊದುತ್ತೇನೆ, ಒಂದು ಆಕ್ಟೇವ್ (ಸ್ಥಾಯಿ) ಕೆಳಗೂ ಒಮ್ಮೆ. ಪಾಠಕ್ಕೆ ತಯಾರಿ ಆಯಿತು, ನನ್ನ ಉಸಿರಿಗೆ ಕೆಲಸವೂ ಆಯಿತು. ಮೊಜಾರ್ಟ್‌ನ ರಿಕ್ವಿಯಂನ ಟೂಬಾ ಮೀರಮ್ ಭಾಗದ ಟ್ರಾಂಬೋನ್ ಸೋಲೊವನ್ನೂ (ಒಬ್ಬರೇ ಊದುವ ಸಾಲು) ಶಿಷ್ಯರ ಮುಂದೆ ಊದಿ. ಹದಿನೈದು ವರ್ಷದ ಮಕ್ಕಳು ಬಹಳ ಕಟ್ಟುನಿಟ್ಟಿನ ತೀರ್ಪುಗಾರರು. ಎಲ್ಲಿ ಶ್ರುತಿ ಜಾರಿತು ಅಂತ ನೇರವಾಗಿ ಹೇಳುತ್ತಾರೆ.

ಆರ್ಕೆಸ್ಟ್ರಾದಲ್ಲಿ ನಮ್ಮ ಅರ್ಧ ಕೆಲಸ ಕಾಯುವುದು. ಬೀಥೋವನ್‌ನ ಐದನೇ ಸಿಂಫನಿಯಲ್ಲಿ ಕೊನೆಯ ಭಾಗದವರೆಗೆ ಟ್ರಾಂಬೋನ್ ಇಲ್ಲವೇ ಇಲ್ಲ. ರವೆಲ್‌ನ ಬೊಲೆರೊದಲ್ಲಿ ಅಷ್ಟು ಹೊತ್ತು ಸುಮ್ನೆ ಕೂತು, ತಣ್ಣಗಾದ ತುಟಿಯಲ್ಲಿ ಮೇಲಿನ ಸ್ವರದಿಂದಲೇ ಸೋಲೊ ಶುರು ಮಾಡಬೇಕು. ಇದನ್ನು ಕಲಿಯಲು ಪಾಠದ ಮನೆ ಒಳ್ಳೆಯ ಜಾಗ. ಇಬ್ಬರು ಶಿಷ್ಯರ ನಡುವೆ ವಾರ್ಮ್ ಅಪ್ ಇಲ್ಲದೆ ವಾದ್ಯ ಎತ್ತಿ ಆ ಸೋಲೊದ ಮೊದಲ ಸಾಲು ಒಂದೇ ಸಲ ಊದಿ, ಕೆಳಗಿಡಿ. ದಿನಕ್ಕೆ ಮೂರು ಸಲ ಸಾಕು. ನನಗೆ ಇದರಷ್ಟು ಸಹಾಯ ಮಾಡಿದ್ದು ಬೇರೆ ಇಲ್ಲ.

ನೀವು ಹೆಣ್ಣುಮಗಳು, ಟ್ರಾಂಬೋನ್ ಬೇರೆ ಊದುತ್ತೀರಿ. ಆಬಿ ಕೊನಂಟ್ ಅವರ ವಿಷಯ ಗೊತ್ತಿರಲಿ. 1980ರಲ್ಲಿ ಮ್ಯೂನಿಕ್ ಫಿಲ್‌ಹಾರ್ಮೊನಿಕ್‌ನ ಆಡಿಷನ್‌ನಲ್ಲಿ ಪರದೆಯ ಹಿಂದೆ ಊದಿ ಮುಖ್ಯ ಟ್ರಾಂಬೋನ್ ಸ್ಥಾನ ಗೆದ್ದರು. ಆಮೇಲೆ ಎರಡನೇ ಸ್ಥಾನಕ್ಕೆ ಇಳಿಸಿದರು. ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿ ಸ್ಥಾನ ಮರಳಿ ಪಡೆದರು, ಮುಂದೆ ಜರ್ಮನಿಯ ಟ್ರೋಸಿಂಗೆನ್‌ನ ಸಂಗೀತ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಹೆದರಿಸಲು ಹೇಳುತ್ತಿಲ್ಲ. ಸೇರುವ ಮೊದಲು ಆ ಗುಂಪಿನಲ್ಲಿ ಇರುವವರನ್ನು ಮಾತಾಡಿಸಿ, ಪ್ರೊಬೇಷನ್‌ನ (ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ) ನಿಯಮ ಏನು, ಯಾರು ತೀರ್ಮಾನ ಮಾಡುತ್ತಾರೆ ಕೇಳಿ ಅನ್ನುವುದಕ್ಕೆ ಹೇಳಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಕೈಯಲ್ಲಿರುವ ದುಡ್ಡು ಮೂರು ತಿಂಗಳಿಗೆ ಸಾಕು, ಆರಕ್ಕೆ ಸಾಲದು. ಹಾಗಾಗಿ ಬೇಡ ಅನ್ನುವ ಹಾಗಿಲ್ಲ. ಆಡಿಷನ್ ಮುಗಿಯುವವರೆಗೆ 14 ಗಂಟೆ ಕೊಡಿ, ಎಲ್ಲವೂ ಮಧ್ಯಾಹ್ನದ ಮೇಲೆ ಇರಲಿ ಅಂತ ಕೇಳೋಣ ಅಂದುಕೊಂಡಿದ್ದೇನೆ. ಕಾರ್ಯಕ್ರಮ ಬಂದಾಗ ರಜೆ ಕೇಳಬಹುದಾ? ಮೊದಲ ದಿನವೇ ಕೇಳಿದರೆ ತಪ್ಪಾಗಿ ತಿಳಿಯುತ್ತಾರಾ?

ಟ್ರಂಪೆಟ್, 30 ವರ್ಷದಿಂದ

ಮೊದಲ ದಿನವೇ ಕೇಳಿ. ಆಮೇಲೆ ಕೇಳಿದರೇ ತಪ್ಪಾಗಿ ತಿಳಿಯುತ್ತಾರೆ. ವೇದಿಕೆಯಲ್ಲಿ ಊದುವ ಮೇಷ್ಟ್ರು ಶಾಲೆಗೂ ಬೇಕು, ಮಕ್ಕಳು ಅದನ್ನು ನೋಡಿಯೇ ಬರುತ್ತಾರೆ. ಆದರೆ ಬಾಯಿಮಾತು ಸಾಲದು, ಕಾಗದದಲ್ಲಿ ಬರಲಿ. ತಿಂಗಳಿಗೆ ಎಷ್ಟು ದಿನ ಬಿಡುವು, ಎಷ್ಟು ದಿನ ಮುಂಚೆ ತಿಳಿಸಬೇಕು, ತಪ್ಪಿದ ಪಾಠವನ್ನು ಆಮೇಲೆ ಮಾಡಬೇಕಾ ಅಥವಾ ಬದಲಿ ಮೇಷ್ಟ್ರು ಬರಬಹುದಾ, ಬದಲಿಯವರಿಗೆ ದುಡ್ಡು ಯಾರು ಕೊಡುತ್ತಾರೆ. ನಾನು ಈ ಕೊನೆಯದನ್ನು ಕೇಳದೆ ಒಂದು ವರ್ಷ ಕೈಯಿಂದ ಕೊಟ್ಟಿದ್ದೇನೆ.

ನಿಮ್ಮ ಬದಲಿಯನ್ನು ನೀವೇ ಹುಡುಕಿಡಿ. ನಿಮ್ಮಷ್ಟೇ ಚೆನ್ನಾಗಿ ಕಲಿಸುವವರಾಗಿರಲಿ, ಮಕ್ಕಳಿಗೆ ಅವರನ್ನು ಮೊದಲೇ ಪರಿಚಯ ಮಾಡಿಸಿ. ಆಡಿಷನ್ ಇರುವ ವಾರ ಒಂದು ಪಾಠವನ್ನೂ ಇಟ್ಟುಕೊಳ್ಳಬೇಡಿ. ಮುಗಿದ ಮೇಲೆ ಏನಾಯಿತು ಅಂತ ಇಲ್ಲಿ ಬಂದು ತಿಳಿಸಿ, ಕಾಯುತ್ತಿರುತ್ತೇವೆ.